ನಾಗಪ್ಪ ಮಾಸ್ತರರ ಅಂಗಿ

ಕಾಲೇಜಿನ ಹುಡುಗ ಉದ್ದನೆ ರಿಜಿಸ್ಟರು ತಂದಿದ್ದಾನೆ.
ವಸ್ತು, ಅಳತೆ, ಸ್ಥಿತಿ: ಮೂರು ಕಾಲಮ್ಮು.
ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಅಪ್ಪನ ಹೊಲಿಗೆ ಅಂಗಡಿ, ಅದರ ಅಟ್ಟ,
ಅಟ್ಟದಲ್ಲಿ ತಗಡಿನ ಟ್ರಂಕು.
ಬೀಗದ ಕೈ ಕಳೆದು ಹನ್ನೊಂದು ವರ್ಷ;
ಕತ್ತರಿ ಮೊನೆಯಲ್ಲಿ ತೆಗೆದೆ.

ಟೊಕುನಾಗ ಅವರ ಹೆಸರು.
ನಮ್ಮ ಪೇಟೆ ಅದನ್ನು ಎರಡೇ ವಾರದಲ್ಲಿ
ನಾಗಪ್ಪ ಮಾಡಿತು.
ಅಕ್ಕಿ ಗಿರಣಿಗೆ ಜಪಾನಿನ ಯಂತ್ರ ಕೂರಿಸಲು ಬಂದವರು
ಯಂತ್ರ ಗುಜರಿಗೆ ಹೋದ ಮೇಲೂ ಇಲ್ಲೇ ಉಳಿದರು.
ಒಮ್ಮೆ ನಾಗರಪಂಚಮಿಗೆ ಯಾರೋ ಪೋಕರಿಗಳು
ಬಾಗಿಲಲ್ಲಿ ಹಾಲಿಟ್ಟು ಓಡಿದ್ದರು.
ಕುಡಿದು, ಲೋಟ ತೊಳೆದು,
ಯಾರದ್ದೆಂದು ಕೇಳುತ್ತ ಮನೆಮನೆಗೆ ಹೋದರು.

ಗಿರಣಿಯ ಗೋದಾಮಿನಲ್ಲಿ
ಕಾಫಿ ಹೊಟ್ಟು ತುಂಬಿದ ಚೀಲ, ಮೇಲೆ ಲಾರಿಯ ಟಾರ್ಪಾಲು,
ಅದೇ ಮ್ಯಾಟು.
ಹೊರಗೆ ಚಪ್ಪಲಿ, ಪಕ್ಕದಲ್ಲಿ ಗೋಡೆಗೊರಗಿದ ಹಾಕಿ ಕೋಲು,
ಒಳಗೆ ಹುಡುಗರು ದಬದಬ ಬೀಳುವ ಸದ್ದು.
ಮೊದಲ ಆರು ತಿಂಗಳು ಬೀಳುವುದಷ್ಟೇ ಪಾಠ.
'ಬೀಳಲಿಕ್ಕೂ ಒಬ್ಬ ಮಾಸ್ತರ ಬೇಕಾ?' ಎಂದು
ಚಿಟ್ಟಿಯಪ್ಪನ ತಾಯಿ ಜಗಳಕ್ಕೇ ಬಂದಿದ್ದರು.

ನಾನು ಕಿಟಕಿ ಹತ್ತಿರ, ಸ್ಟೂಲಿನ ಮೇಲೆ,
ಹರಿದದ್ದನ್ನು ಅಲ್ಲೇ ಹೊಲಿಯಲು.
ಹದಿನಾಲ್ಕು ವರ್ಷ. ತಲೆಯ ಮೇಲೆ ತಟ್ಟಂ,
ಕೈಯಲ್ಲಿ ಸೂಜಿ, ಕಣ್ಣು ಮ್ಯಾಟಿನಲ್ಲಿ;
ಎಷ್ಟು ಸಲ ಚುಚ್ಚಿಕೊಂಡೆನೋ.
ಹೋದ ವರ್ಷ ಇದೇ ಅಟ್ಟದ ಮೆಟ್ಟಿಲಲ್ಲಿ ಕಾಲು ಜಾರಿ
ಗದ್ದ ಎದೆಗೆ ಸೇರಿ, ಅಂಗೈ ತಾನಾಗಿ ಹಲಗೆಗೆ ಬಡಿದು
ಎದ್ದು ಕೂತಿದ್ದೆ, ಒಂದು ಗೀರಿಲ್ಲದೆ.
ಅಜ್ಜಿಯ ಅದೃಷ್ಟ ಎಂದರು ಡಾಕ್ಟರು.

ಅವರು ಸತ್ತಾಗ ಸುಡಬೇಕೋ ಹೂಳಬೇಕೋ ತಿಳಿಯದೆ
ಪೇಟೆ ಒಂದಿಡೀ ಹಗಲು ಕೂತು ಮಾತಾಡಿತು.
ಟ್ರಂಕು ಮಾತ್ರ ಟೈಲರಿಗೆ ಎಂದು ಚೀಟಿ ಇತ್ತು.

ಈಗ ಅಂಗಿ ಮೇಜಿನ ಮೇಲಿದೆ.
ಬಿಳಿ ಅನ್ನುವ ಹಾಗಿಲ್ಲ; ಹಳೆ ಹಲ್ಲಿನ ಬಣ್ಣ,
ಅಲ್ಲಲ್ಲಿ ಬೂಷ್ಟಿನ ಚುಕ್ಕಿ.
ಒಗೆಯಬಾರದು ಅನ್ನುತ್ತಾನೆ ಹುಡುಗ, ಇಸ್ತ್ರಿ ಬೇಡ,
ಮೆತ್ತನೆ ಬ್ರಷ್ಷು, ನೆರಳು, ಆಸಿಡ್ ಇಲ್ಲದ ಕಾಗದ.
ನಾನು ಕರಿಮೆಣಸಿನ ಗಂಟೊಂದು ಮೂಲೆಗೆ ಇಡುತ್ತೇನೆ.
ಅವನು ನೋಡುತ್ತಾನೆ, ತೆಗೆಯುವುದಿಲ್ಲ.

ದರ್ಜಿಗೆ ಬಟ್ಟೆ ಸುಳ್ಳು ಹೇಳಲಾರದು.
ಮೊಣಕೈ ಸವೆದಿಲ್ಲ, ಬೆನ್ನು ಗಟ್ಟಿ.
ಸವೆದದ್ದು ಎಡ ಕಾಲರಿನ ಒಂದು ಗೇಣು,
ಬಲತೋಳಿನ ಹೊರ ಅಂಚು,
ನಮ್ಮೂರ ಹುಡುಗರು ಅವರನ್ನು ಹಿಡಿದ ಜಾಗ.
ತೇಪೆಯ ಮೇಲೆ ತೇಪೆ. ಎಣಿಸಿದೆ, ಏಳು.
ಕೆಳಗಿನ ನಾಲ್ಕು ಅಪ್ಪನದು, ಸಣ್ಣ ಹೊಲಿಗೆ, ಉಸಿರು ಬಿಗಿಹಿಡಿದ ಹಾಗೆ.
ಮೇಲಿನ ಮೂರು ನನ್ನದು, ಬರೀ ಅವಸರ.
ಎಂಟನೆಯದಕ್ಕೆ ಕೈ ತುರಿಸುತ್ತದೆ.
ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ ಕೈಯನ್ನು.

ಅಂಗಿಯಡಿ ಹಲಸಿನ ಹಲಗೆಯ ಚೂರುಗಳು,
ಒಂದೊಂದರಲ್ಲಿ ಒಬ್ಬ ಹುಡುಗ.
ಗೋಡೆಗೆ ಸಾಲಾಗಿ ತೂಗುತ್ತಿದ್ದವು,
ಕುಂಚದಲ್ಲಿ ಅವರೇ ಬರೆದ ಕನ್ನಡ:
ಚಿಟಿಯಪ. ಪೂಣಚ. ಅಬೂಬಕರ.
ಒತ್ತಕ್ಷರ ಅವರಿಗೆ ಒಗ್ಗಲೇ ಇಲ್ಲ.
'ಒಬ್ಬರಡಿ ಒಬ್ಬರು ಬೀಳುವುದು ಮ್ಯಾಟಿನಲ್ಲಿ ಸಾಕು,
ಅಕ್ಷರ ಪಾಪ' ಎನ್ನುತ್ತಿದ್ದರು.

ಹುಡುಗ ಬರೆದುಕೊಳ್ಳುತ್ತಾನೆ. ಇಪ್ಪತ್ತೊಂದು: ತೂತು ಸವೆದಿದೆ.
ಇಪ್ಪತ್ತೆರಡು: ಅಂಚು ಗೆದ್ದಲು ತಿಂದಿದೆ.
ಇಪ್ಪತ್ತಮೂರು ತೀರಾ ತಳದಲ್ಲಿ,
ಪೇಪರಿನಲ್ಲಿ ಸುತ್ತಿ, ಹೊಲಿಗೆ ದಾರ ಕಟ್ಟಿ.
ಪೇಪರಿನ ತಾರೀಖು ನನ್ನ ನಿಕಾಹಿನ ಹಿಂದಿನ ವಾರದ್ದು.

ಸುಬೈದಾ.

ನನ್ನ ಹೆಸರಿನಲ್ಲಿ ಒತ್ತಿಲ್ಲ,
ಇಡೀ ಟ್ರಂಕಿನಲ್ಲಿ ತಪ್ಪಿಲ್ಲದ್ದು ಇದೊಂದೇ.
ತೂತು ಕೊರೆದಿದ್ದಾರೆ. ಬೆರಳಿಟ್ಟು ನೋಡಿದೆ,
ಅಂಚು ಇನ್ನೂ ಚೂಪು.

'ಇದು ಯಾರು ಆಂಟಿ? ಸ್ಥಿತಿ ಏನು ಬರೆಯಲಿ?'
ಚಹಾ ಆರಿತ್ತು. ಒಂದೇ ಗುಟುಕಿಗೆ ಕುಡಿದೆ.
'ಹೊಸದು' ಅಂದೆ. 'ಹೊಸದು ಅಂತ ಬರಿ.'